ಮೂರು ಗಂಟೆಗೆ ಬಾ ಅಂದಿದ್ದ: ಆಡಿಸ್ ಅಬಾಬಾದಲ್ಲಿ ಒಂದು ಶುಕ್ರವಾರ

"ನ್ಯಾಷನಲ್ ಮ್ಯೂಸಿಯಂ ಗೇಟ್ ಹತ್ತಿರ ಮೂರು ಗಂಟೆಗೆ ಬಾ, ಊರು ತೋರಿಸ್ತೀನಿ" ಅಂದಿದ್ದ ಕ್ಲಾಸ್‌ಮೇಟ್. ಮಧ್ಯಾಹ್ನದ ಊಟ ಬಿಟ್ಟು ಸರಿಯಾಗಿ ಮೂರಕ್ಕೆ ಹೋಗಿ ನಿಂತೆ. ಅವನು ಬೆಳಿಗ್ಗೆ ಒಂಬತ್ತಕ್ಕೇ ಬಂದು, ಒಂದು ಗಂಟೆ ಕಾದು, ಬೈದುಕೊಂಡು ಹೋಗಿದ್ದನಂತೆ.

ಇಥಿಯೋಪಿಯಾದವರು ಗಂಟೆ ಎಣಿಸುವುದು ಬೆಳಕು ಹರಿದ ಮೇಲಿಂದ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ. ಹೊತ್ತು ಹುಟ್ಟಿದಾಗಿಂದ ಘಳಿಗೆ ಎಣಿಸುತ್ತಿದ್ದ ನಮ್ಮ ಅಜ್ಜಂದಿರಿಗೆ ಇದು ಸುಲಭವಾಗಿ ಅರ್ಥವಾಗುತ್ತಿತ್ತೇನೋ. ಯಾರೇ ಟೈಮ್ ಹೇಳಿದರೂ "ಹಬೆಶಾ ಲೆಕ್ಕವೋ, ಫೆರೆಂಜಿ ಲೆಕ್ಕವೋ" ಅಂತ ಕೇಳಿಬಿಡಿ. ಹಬೆಶಾ ಅಂದರೆ ಅವರು, ಫೆರೆಂಜಿ ಅಂದರೆ ಪರದೇಶಿ.

ಬಂದಿದ್ದಕ್ಕೆ ಒಳಗೆ ಹೋಗಿ ಲೂಸಿ ಅನ್ನುವ ಆದಿಮಾನವಿಯನ್ನು ನೋಡಿದೆ. 1974ರಲ್ಲಿ ಇದೇ ದೇಶದ ಹದಾರ್‌ನಲ್ಲಿ ಸಿಕ್ಕ, ಸುಮಾರು 32 ಲಕ್ಷ ವರ್ಷ ಹಳೆಯ ಮೂಳೆಗಳು. ಅಲ್ಲಿನವರು ಡಿಂಕಿನೆಶ್ ಅನ್ನುತ್ತಾರೆ. ಗಾಜಿನೊಳಗೆ ಇಟ್ಟಿರುವುದು ಅಸಲಿ ಮೂಳೆಯಲ್ಲ, ಅದರ ನಕಲು. ಒಂದು ಗಂಟೆ ಸಾಕು.

ಆಮೇಲೆ ಅರಾತ್ ಕಿಲೋ ಸರ್ಕಲ್ ದಾಟಿ ಪಿಯಾಸ್ಸಾ ಅನ್ನುವ ಪೇಟೆ ಕಡೆ ಒಬ್ಬಳೇ ನಡೆದೆ. ಈ ಊರು 2,300 ಮೀಟರಿಗಿಂತ ಎತ್ತರದಲ್ಲಿದೆ, ಸಣ್ಣ ಏರಿಗೂ ಏದುಸಿರು ಬರುತ್ತದೆ. ನಿಂತು ಸುಧಾರಿಸಿಕೊಳ್ಳುತ್ತಿದ್ದಾಗ ಒಬ್ಬ ಹುಡುಗ ಬಂದ. ಚೆಂದದ ಇಂಗ್ಲಿಷ್. ತಾನೂ ಸ್ಟೂಡೆಂಟ್ ಅಂದ. ಅವನ ಅಕ್ಕನ ಮನೆಯಲ್ಲಿ ಕಾಫಿ ಮಾಡ್ತಿದ್ದಾರೆ, ನೋಡಿ ಹೋಗಿ ಅಂದ. ಕಾಫಿ ಅಂದರೆ ನಾವು ಚಿಕ್ಕಮಗಳೂರಿನವರು ಬಿಡ್ತೀವಾ?

ನೆಲಕ್ಕೆ ಹಸಿ ಹುಲ್ಲು ಹಾಸಿದ್ದರು. ಕೆಂಡದ ಮೇಲೆ ಬೀಜ ಹುರಿದು, ಆ ಹೊಗೆಯನ್ನು ಮುಖದ ಹತ್ತಿರ ತಂದು ತೋರಿಸಿದರು. ಜೆಬೆನಾ ಅನ್ನುವ ಮಣ್ಣಿನ ಹೂಜಿಯಿಂದ ಹಿಡಿ ಇಲ್ಲದ ಪುಟ್ಟ ಕಪ್ಪುಗಳಿಗೆ ಸುರಿದರು. ಕಾಫಿ ನಿಜಕ್ಕೂ ಚೆನ್ನಾಗಿತ್ತು. ಅಷ್ಟರಲ್ಲಿ ಇನ್ನೂ ನಾಲ್ಕು ಜನ ಬಂದು ಕೂತು ತೆಜ್ ಅನ್ನುವ ಜೇನಿನ ಮದ್ಯ ಕುಡಿಯತೊಡಗಿದರು. ಅವರದ್ದೂ ಸೇರಿಸಿ ಬಿಲ್ ನನ್ನ ಮುಂದೆ ಬಂತು! ಬಾಗಿಲ ಹತ್ತಿರ ಒಬ್ಬ ನಿಂತಿದ್ದ. ಜಗಳ ಮಾಡುವ ಧೈರ್ಯ ಬರಲಿಲ್ಲ. ಪರ್ಸಿನಲ್ಲಿದ್ದದ್ದನ್ನೆಲ್ಲ ಕೊಟ್ಟು ಎದ್ದೆ. ಕಾಫಿಗೆ ಮನೆಗೆ ಕರೆಯುವ ಒಳ್ಳೆಯ ಜನ ಈ ಊರಲ್ಲಿ ಬೇಕಾದಷ್ಟಿದ್ದಾರೆ, ಆದರೆ ರಸ್ತೆಯಲ್ಲಿ ಐದು ನಿಮಿಷದ ಪರಿಚಯಕ್ಕೆ ಹೋಗಬೇಡಿ. ರಸ್ತೆ ಬದಿಯಲ್ಲೇ ಸ್ಟೂಲ್ ಹಾಕಿ ಇದೇ ಕಾಫಿ ಕೊಡುತ್ತಾರೆ, ಜುಜುಬಿ ದುಡ್ಡಿಗೆ.

ಬ್ಯಾಗಿನ ಒಳಜೇಬಲ್ಲಿ ಸ್ವಲ್ಪ ಬಿರ್, ಅಂದರೆ ಅಲ್ಲಿನ ದುಡ್ಡು, ಉಳಿದಿತ್ತು. ತಗಡಿನ ಮಾಡಿನ ಒಂದು ಪುಟ್ಟ ಹೋಟೆಲಿಗೆ ನುಗ್ಗಿ "ತ್ಸೋಮ್ ಬೆಯಾಯ್ನೆತು" ಅಂದೆ, ಅಂದರೆ ಬಗೆಬಗೆಯ ಪಲ್ಯ-ಸಾರಿನ ಉಪವಾಸದ ಊಟ. ಸಸ್ಯಾಹಾರಿಗಳು ಈ ಮಾತು ಬಾಯಿಪಾಠ ಮಾಡಿಕೊಳ್ಳಿ. ಬುಧವಾರ, ಶುಕ್ರವಾರ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸ: ಮಾಂಸ, ಮೊಟ್ಟೆ, ಹಾಲು, ತುಪ್ಪ ಯಾವುದೂ ಇಲ್ಲ. ಮೊರದಗಲದ ತಟ್ಟೆಗೆ ಇಂಜೆರಾ ಹಾಸಿ ಬಂತು. ಟೆಫ್ ಅನ್ನುವ ಸಣ್ಣ ಧಾನ್ಯದ ಹಿಟ್ಟು ಹುಳಿ ಬರಿಸಿ, ಒಂದೇ ಬದಿ ಬೇಯಿಸಿದ್ದು. ತೂತುತೂತು ಸೆಟ್ ದೋಸೆ ಥರ, ಆದರೆ ಹುಳಿ ಜಾಸ್ತಿ, ಮೈ ಮೆತ್ತಗೆ. ಅದರ ಮೇಲೆ ವೊಟ್ ಅನ್ನುವ ಕೆಂಪು ಬೇಳೆಯ ಖಾರದ ಗಟ್ಟಿ ಸಾರು, ಶಿರೋ, ಸೊಪ್ಪು, ಎಲೆಕೋಸು, ಬೀಟ್‌ರೂಟ್. ಶಿರೋ ಅಂದರೆ ಗಟ್ಟಿ ಜುಣಕ ಅಂದುಕೊಳ್ಳಿ. ಹುರುಪಿಗೆ ಎಲ್ಲ ಬಳಿದು ತಿಂದೆ. ಸಾರು ಹೀರಿದ ತಳದ ಇಂಜೆರಾವೇ ಎಲ್ಲಕ್ಕಿಂತ ರುಚಿ, ಬಿಡಬೇಡಿ.

ಪಕ್ಕದಲ್ಲಿದ್ದ ಅಜ್ಜ "ಇಂಡಿಯಾ?" ಅಂದರು. ಸ್ಕೂಲಲ್ಲಿ ಅವರಿಗೆ ಲೆಕ್ಕ ಹೇಳಿಕೊಟ್ಟದ್ದು ಇಂಡಿಯಾದ ಮೇಷ್ಟ್ರಂತೆ. ತಮ್ಮ ತಟ್ಟೆಯಿಂದ ಒಂದು ತುತ್ತು ಸುತ್ತಿ ನನ್ನ ಬಾಯಿಗೇ ಇಟ್ಟರು. ಅದಕ್ಕೆ ಗುರ್ಶಾ ಅನ್ನುತ್ತಾರೆ. ಅಮ್ಮನ ಕೈತುತ್ತು ನೆನಪಾಗಿ ಕಣ್ಣು ತುಂಬಿತು, ಖಾರಕ್ಕೆ ಅಂತ ಅಜ್ಜ ನೀರು ಕೊಟ್ಟರು. ಆ ಕಾಫಿ ಬಿಲ್ಲಿನಲ್ಲಿ ಇಂಥ ಹದಿನೈದು ಊಟ ಆಗುತ್ತಿತ್ತು.

ವಾಪಸ್ ಬಂದದ್ದು ನೀಲಿ-ಬಿಳಿ ಮಿನಿಬಸ್‌ನಲ್ಲಿ. ಬಾಗಿಲಿಗೆ ಜೋತುಬಿದ್ದ ಹುಡುಗ ಬಸ್ ಹೋಗುವ ಜಾಗದ ಹೆಸರು ಕೂಗುತ್ತಿರುತ್ತಾನೆ, ಅದನ್ನು ಕೇಳಿಸಿಕೊಂಡು ಹತ್ತಬೇಕು. ಬಿಎಂಟಿಸಿ ರಶ್ ನೋಡಿದವರಿಗೆ ಆ ನೂಕಾಟ ಏನೂ ಅಲ್ಲ. ಚಿಲ್ಲರೆ ಇಟ್ಟುಕೊಳ್ಳಿ. ಇಳಿಯುವಾಗ "ವರಾಜ್ ಅಲೆ" ಅಂತ ಗಟ್ಟಿಯಾಗಿ ಕೂಗಿ. ನಾನು "ಸ್ಟಾಪ್, ಸ್ಟಾಪ್" ಅಂತ ಪಿಸುಗುಟ್ಟಿ ಹಾಸ್ಟೆಲ್ ದಾಟಿ ಒಂದೂವರೆ ಕಿಲೋಮೀಟರ್ ಮುಂದೆ ಇಳಿದೆ.