ಚೌಪಾಟಿಯಲ್ಲಿ ವಿಮಾನ ಹಾರಿದ್ದು ನಿಜ ತಾನೇ ಎಂದು ಕೇಳುವವರಿಗೆ

ಹಾರಿತ್ತು ಎನ್ನುವುದಕ್ಕೆ ಆಧಾರವಿಲ್ಲ. ನನ್ನ ಉತ್ತರ ಇಷ್ಟೇ. ಆದರೆ ಇಷ್ಟೇ ಹೇಳಿ ಸುಮ್ಮನಾದರೆ ಕೇಳಿದವರು ಬಿಡುವುದಿಲ್ಲ, ವಿವರಿಸಲು ಹೊರಟರೆ ಅವರಿಗೆ ಕೇಳುವ ತಾಳ್ಮೆ ಇರುವುದಿಲ್ಲ. ವಿಜ್ಞಾನ ಮತ್ತು ತಂತ್ರಜ್ಞಾನದ ಇತಿಹಾಸದ ಬಗ್ಗೆ ಕನ್ನಡದಲ್ಲಿ ಮಾತನಾಡುವವನು ನಾನು ಎಂದು ತಿಳಿದ ಮರುಕ್ಷಣವೇ, ಮಾಟುಂಗದ ಸಭೆಯಿರಲಿ, ಡೊಂಬಿವಿಲಿಯ ಗಣೇಶೋತ್ಸವವಿರಲಿ, ಮದುವೆಯ ಊಟದ ಪಂಕ್ತಿಯಿರಲಿ, ಮುಂಬಯಿಯ ಕನ್ನಡಿಗರು ಮೊದಲು ಕೇಳುವುದು ಇದನ್ನೇ. 2015ರ ಜನವರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧಿವೇಶನ ನಡೆದು, ಅಲ್ಲಿ ಪ್ರಾಚೀನ ಭಾರತದ ವಿಮಾನಗಳ ಕುರಿತು ಪ್ರಬಂಧವೊಂದು ಮಂಡನೆಯಾದ ಮೇಲಂತೂ ಕೇಳುವವರ ಧ್ವನಿ ಇನ್ನಷ್ಟು ಏರಿದೆ. ಬಾಯಿಮಾತಿನಲ್ಲಿ ಹೇಳಿ ಸಾಕಾಗಿದೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ಕಥೆ ಗೊತ್ತಿಲ್ಲದವರಿಗಾಗಿ ಅದನ್ನು ಮೊದಲು ಹೇಳುತ್ತೇನೆ. ಶಿವಕರ ಬಾಪೂಜಿ ತಳಪದೆ ಮುಂಬಯಿಯವರು, 1864ರಲ್ಲಿ ಹುಟ್ಟಿದವರು, ಸಂಸ್ಕೃತ ಗ್ರಂಥಗಳಲ್ಲಿ ಆಸಕ್ತಿಯುಳ್ಳವರು. ಅವರು 1895ರಲ್ಲಿ ಗಿರಗಾಂವ್ ಚೌಪಾಟಿಯ ಮರಳಿನಿಂದ ‘ಮರುತ್ಸಖಾ’ ಎಂಬ ವಿಮಾನವನ್ನು ಮನುಷ್ಯರಿಲ್ಲದೆ ಸುಮಾರು 1500 ಅಡಿ ಎತ್ತರಕ್ಕೆ ಹಾರಿಸಿದರು, ನ್ಯಾಯಮೂರ್ತಿ ರಾನಡೆ ಮತ್ತು ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡ ಅದನ್ನು ಕಣ್ಣಾರೆ ಕಂಡರು, ಟಿಳಕರ ಪುಣೆಯ ಪತ್ರಿಕೆ ‘ಕೇಸರಿ’ಯಲ್ಲಿ ವರದಿಯೂ ಬಂದಿತ್ತು, ಬ್ರಿಟಿಷರು ಎಲ್ಲವನ್ನೂ ಅಡಗಿಸಿದರು ಎಂಬುದು ಕಥೆ.

ತಳಪದೆ ಎಂಬ ವ್ಯಕ್ತಿ ಇದ್ದದ್ದು ನಿಜ, ಹಾರುವ ಯಂತ್ರದ ಹಂಬಲ ಅವರಿಗೆ ಇದ್ದದ್ದೂ ನಿಜ. ಆ ಹಂಬಲವನ್ನು ನಾನು ಗೌರವಿಸುತ್ತೇನೆ. ಆದರೆ 1895ರ ಮುಂಬಯಿ ಸುದ್ದಿ ಹುಟ್ಟದ, ಸುದ್ದಿ ಹರಡದ ಕುಗ್ರಾಮವಾಗಿರಲಿಲ್ಲ. ಗುಜರಾತಿಯ ‘ಮುಂಬಯಿ ಸಮಾಚಾರ್’ 1822ರಿಂದ ಪ್ರಕಟವಾಗುತ್ತಿತ್ತು, ‘ಟೈಮ್ಸ್ ಆಫ್ ಇಂಡಿಯಾ’ದ ಮೂಲಪತ್ರಿಕೆ 1838ರಲ್ಲಿ ಆರಂಭವಾಗಿತ್ತು, ‘ಕೇಸರಿ’ಗೆ ಆಗಲೇ ಹದಿನಾಲ್ಕು ವರ್ಷ. ಮರುವರ್ಷ, 1896ರ ಜುಲೈ 7ರಂದು, ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇ ಸೋದರರ ಆರು ಚಿಕ್ಕ ಚಲನಚಿತ್ರಗಳನ್ನು ತೋರಿಸಿದರು. ಒಂದು ರೂಪಾಯಿ ಟಿಕೆಟಿನ, ಒಂದು ಕೋಣೆಯೊಳಗಿನ ಆ ಪ್ರದರ್ಶನದ ಜಾಹೀರಾತು ಇಂದಿಗೂ ಪತ್ರಿಕೆಯ ಪುಟದಲ್ಲಿ ಓದಲು ಸಿಗುತ್ತದೆ. ಬಯಲಿನಲ್ಲಿ, ಮಹಾರಾಜರೊಬ್ಬರ ಸಮ್ಮುಖದಲ್ಲಿ, 1500 ಅಡಿ ಮೇಲೇರಿದ ಯಂತ್ರವನ್ನು ಮಾತ್ರ ಅದೇ ಊರಿನ ಪತ್ರಿಕೆಗಳು ಕಾಣದೆ ಹೋದವು ಎಂದು ನಂಬಬೇಕೇ? ‘ಕೇಸರಿ’ಯ ಯಾವ ತಿಂಗಳ, ಯಾವ ಸಂಚಿಕೆಯ, ಎಷ್ಟನೆಯ ಪುಟ ಎಂದು ನಾನು ಕೇಳಿದಾಗಲೆಲ್ಲ ಉತ್ತರದ ಬದಲು ನನ್ನ ದೇಶಭಕ್ತಿಯ ವಿಚಾರಣೆ ಆರಂಭವಾಗುತ್ತದೆ. ಬ್ರಿಟಿಷರು ಅಡಗಿಸಿದರು ಎಂಬ ಮಾತೂ ನಿಲ್ಲುವುದಿಲ್ಲ. ಟಿಳಕರ ಪತ್ರಿಕೆಯಲ್ಲಿ ಅಚ್ಚಾಗಿ ಮನೆಮನೆ ಸೇರಿದ ಸುದ್ದಿಯನ್ನು ಆಮೇಲೆ ಯಾರು, ಹೇಗೆ ಅಡಗಿಸಲು ಸಾಧ್ಯ?

ಇನ್ನು ಕನ್ನಡಿಗರಾದ ನಮಗೆ ಈ ಕಥೆಯಲ್ಲಿ ಒಂದು ಪಾಲಿದೆ. ತಳಪದೆಯವರ ವಿಮಾನಕ್ಕೆ ಮೂಲವೆಂದು ಜನ ತೋರಿಸುವ ‘ವೈಮಾನಿಕ ಶಾಸ್ತ್ರ’ ಭರದ್ವಾಜ ಮಹರ್ಷಿಗಳ ಹೆಸರಿನಲ್ಲಿದ್ದರೂ ಅದು ಹೊರಬಂದದ್ದು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳ ಬಾಯಿಂದ. ಅವರು 1918ರಿಂದ 1923ರವರೆಗೆ ಹೇಳುತ್ತಾ ಹೋದದ್ದನ್ನು ಇನ್ನೊಬ್ಬರು ಬರೆದುಕೊಂಡರು. ಚಿತ್ರಗಳನ್ನು 1923ರಲ್ಲಿ ಬೆಂಗಳೂರಿನ ಒಬ್ಬ ನಕ್ಷೆಗಾರರಿಂದ ಬರೆಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಸಂಶೋಧಕರು ಈ ಗ್ರಂಥವನ್ನು ಕೂಲಂಕಷವಾಗಿ ಪರಿಶೀಲಿಸಿ 1974ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಅವರು ಗ್ರಂಥವನ್ನು ಓದದೆ ತಳ್ಳಿಹಾಕಲಿಲ್ಲ. ಶ್ಲೋಕಗಳ ಭಾಷೆಯನ್ನು ಪರೀಕ್ಷಿಸಿದರು, ಶಾಸ್ತ್ರಿಗಳನ್ನು ಬಲ್ಲವರನ್ನು ವಿಚಾರಿಸಿದರು, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಅಳತೆ, ತೂಕ, ಚಾಲನೆಗಳನ್ನು ಲೆಕ್ಕ ಹಾಕಿ ನೋಡಿದರು. ಮೇಲಿನಿಂದ ಗಾಳಿಯನ್ನು ಎಳೆದು ಕೊಳವೆಗಳ ಮೂಲಕ ಕೆಳಕ್ಕೆ ತಳ್ಳುವ ರುಕ್ಮ ವಿಮಾನದ ಕಲ್ಪನೆಯಲ್ಲಿ ಸ್ವಲ್ಪವಾದರೂ ಅರ್ಥವಿದೆ ಎಂದು ನ್ಯಾಯವಾಗಿಯೇ ಒಪ್ಪಿದರು. ಆದರೂ ಗ್ರಂಥ 1904ಕ್ಕಿಂತ ಹಿಂದಿನದಲ್ಲ, ನಾಲ್ಕರಲ್ಲಿ ಯಾವುದೂ ಹಾರಲಾರದು ಎಂಬುದು ಅವರ ತೀರ್ಮಾನ. ತಳಪದೆಯವರು ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಮಾದರಿಗಳನ್ನು ಮಾಡಲು ಯತ್ನಿಸಿದ್ದರೆಂದೂ ಅವುಗಳಲ್ಲಿ ಒಂದೂ ಹಾರಲಿಲ್ಲವೆಂದೂ ಅದೇ ಪ್ರಬಂಧದಲ್ಲಿದೆ. ಐವತ್ತು ವರ್ಷಗಳ ಹಿಂದೆ ನಮ್ಮದೇ ರಾಜಧಾನಿಯಲ್ಲಿ ಇಷ್ಟು ಶ್ರದ್ಧೆಯಿಂದ ನಡೆದ ಪರಿಶೀಲನೆಯನ್ನು ಒಮ್ಮೆಯೂ ತೆರೆದು ನೋಡದವರು, ಮೊಬೈಲಿನಲ್ಲಿ ಬಂದ ಎರಡು ನಿಮಿಷದ ವಿಡಿಯೋವನ್ನು ನನ್ನ ಮುಖಕ್ಕೆ ಹಿಡಿಯುತ್ತಾರೆ.

ಒಂದು ಸಂಜೆಯ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಕನ್ನಡ ಸಂಘವೊಂದರಲ್ಲಿ ರೈಟ್ ಸೋದರರ ಬಗ್ಗೆ ಮಾತನಾಡುತ್ತಿದ್ದೆ. ಅವರು ಹಾರಿದ್ದಕ್ಕಿಂತ ಹಾರುವ ಮೊದಲು ಮಾಡಿದ ಕೆಲಸದ ಬಗ್ಗೆಯೇ ನನ್ನ ಮಾತು ಹೆಚ್ಚು ಇತ್ತು. ಗಾಳಿಯ ಒತ್ತಡದ ಬಗ್ಗೆ ಅಂದು ಎಲ್ಲರೂ ನಂಬಿದ್ದ ಕೋಷ್ಟಕಗಳು ತಮ್ಮ ಗ್ಲೈಡರಿನ ಅನುಭವಕ್ಕೆ ತಾಳೆಯಾಗದಿದ್ದಾಗ, 1901ರಲ್ಲಿ ಅವರು ತಮ್ಮ ಸೈಕಲ್ ಅಂಗಡಿಯಲ್ಲೇ ಒಂದು ಗಾಳಿ ಸುರಂಗ ಕಟ್ಟಿ, ಸುಮಾರು ಇನ್ನೂರು ಬಗೆಯ ಪುಟ್ಟ ರೆಕ್ಕೆಗಳನ್ನು ಅದರಲ್ಲಿಟ್ಟು ಪರೀಕ್ಷಿಸಿ ಅಂಕಿಗಳನ್ನು ಬರೆದುಕೊಂಡರು. 1903ರ ಡಿಸೆಂಬರ್ 17ರಂದು ಮೊದಲ ಸಲ ಹಾರಿದ್ದು 12 ಸೆಕೆಂಡು, 120 ಅಡಿ. ಅಂದಿನ ನಾಲ್ಕನೆಯ ಹಾರಾಟ 59 ಸೆಕೆಂಡು, 852 ಅಡಿ. ಐವರು ಸಾಕ್ಷಿಗಳಿದ್ದರು, ಫೋಟೋ ಇದೆ, ತಂದೆಗೆ ಕಳಿಸಿದ ತಂತಿ ಇದೆ. ಇಷ್ಟಿದ್ದೂ ಅವರದೇ ದೇಶದ ಸ್ಮಿತ್ಸೋನಿಯನ್ ಸಂಸ್ಥೆ ಹಾರಬಲ್ಲ ಮೊದಲ ವಿಮಾನವೆಂಬ ಹಿರಿಮೆಯನ್ನು ತನ್ನ ಹಿಂದಿನ ಕಾರ್ಯದರ್ಶಿ ಲ್ಯಾಂಗ್ಲಿಯವರ ಯಂತ್ರಕ್ಕೆ ಕಟ್ಟಿತ್ತು. ನೊಂದ ಆರ್ವಿಲ್ ರೈಟ್ 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕಳಿಸಿಬಿಟ್ಟರು. 1942ರಲ್ಲಿ ಆ ಸಂಸ್ಥೆ ತನ್ನ ಮಾತನ್ನು ಹಿಂತೆಗೆದುಕೊಂಡಿತು. ವಿಮಾನ ಅಮೆರಿಕಕ್ಕೆ ಮರಳಿದ್ದು 1948ರಲ್ಲಿ. ರೈಟ್ ಸೋದರರಿಗೂ ಮನ್ನಣೆ ಪುಕ್ಕಟೆ ಸಿಗಲಿಲ್ಲ, ದಾಖಲೆಯ ಬಲದಿಂದ ಸಿಕ್ಕಿತು ಎಂದು ನಾನು ಹೇಳುತ್ತಿರುವಾಗಲೇ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು.

“ಅಲ್ಲ ಮಾಷ್ಟ್ರೇ, ನಮ್ಮವರು ಇಲ್ಲೇ ಚೌಪಾಟಿಯಲ್ಲಿ ಹಾರಿಸಿದ್ದು ಬಿಟ್ಟು ನೀವು ಅಮೆರಿಕದವರ ಪುರಾಣ ಯಾಕೆ ಹೇಳುತ್ತೀರಿ? ನಮ್ಮವರ ಮೇಲೆ ಅಭಿಮಾನ ಇಲ್ಲವಾ ನಿಮಗೆ?”

ಚಪ್ಪಾಳೆ ಬಿತ್ತು. ಯಾವ ಪತ್ರಿಕೆಯಲ್ಲಿದೆ ಎಂದು ನಾನು ಕೇಳಿದೆ. “ಎಲ್ಲರಿಗೂ ಗೊತ್ತಿರುವ ವಿಷಯಕ್ಕೆ ಪೇಪರ್ ಯಾಕೆ ಮಾಷ್ಟ್ರೇ?” ಎಂದರು. ದಶಕಗಳ ಕಾಲ ಹೋಟೆಲಿನ ಗಲ್ಲಾದಲ್ಲಿ ಕುಳಿತು, ಬಿಲ್ಲಿಲ್ಲದೆ ಒಂದು ಮೂಟೆ ಅಕ್ಕಿಯನ್ನೂ ಒಳಗೆ ಬಿಡದೆ ವ್ಯಾಪಾರ ಬೆಳೆಸಿದವರು ಅವರು. ಅಕ್ಕಿಗೆ ಬೇಕಾದ ಪುರಾವೆ ವಿಮಾನಕ್ಕೆ ಬೇಡವೇ ಎಂದು ನಾನು ಹೇಳಿದಾಗ ಸಭೆ ನಕ್ಕಿತು, ಅವರೂ ನಕ್ಕರು, ಆದರೆ ಅಭಿಪ್ರಾಯ ಬದಲಿಸಲಿಲ್ಲ.

ಅಭಿಮಾನದ ಮಾತು ನನಗೆ ನೋವು ಕೊಡುತ್ತದೆ, ಏಕೆಂದರೆ ಅಭಿಮಾನ ಇರುವುದರಿಂದಲೇ ನಾನು ಈ ಕೆಲಸದಲ್ಲಿದ್ದೇನೆ. ಭಾಸ್ಕರಾಚಾರ್ಯರು ತಾವು ಶಕ 1036ರಲ್ಲಿ ಹುಟ್ಟಿ, ಮೂವತ್ತಾರನೆಯ ವಯಸ್ಸಿನಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದ್ದಾಗಿ ತಾವೇ ಶ್ಲೋಕದಲ್ಲಿ ಹೇಳಿಟ್ಟಿದ್ದಾರೆ. ಅವರ ಗ್ರಂಥಗಳ ಅಧ್ಯಯನಕ್ಕೆಂದೇ ಮೊಮ್ಮಗ ಚಾಂಗದೇವ ಕಟ್ಟಿಸಿದ ಮಠದ ಶಾಸನ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ ಸಿಕ್ಕಿದೆ. ಅವರು ವಿಜಯಪುರದವರೋ ಖಾನದೇಶದವರೋ ಎಂದು ಜಗಳವಾಡುವ ನಾವು ‘ಲೀಲಾವತಿ’ಯ ಒಂದು ಲೆಕ್ಕವನ್ನಾದರೂ ಕುಳಿತು ಬಿಡಿಸುತ್ತೇವೆಯೇ? ಮಜಗಾಂವಿನ ತಮ್ಮ ಮನೆಗೆ 1834ರಲ್ಲೇ ಗ್ಯಾಸ್ ದೀಪ ಹಾಕಿಸಿದ, 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದ ಮೊದಲ ಭಾರತೀಯ ಅರ್ದೇಸೀರ್ ಕರ್ಸೆಟ್‌ಜೀ ವಾಡಿಯಾ ಅವರ ಬಗ್ಗೆ ಒಬ್ಬರೂ ನನ್ನನ್ನು ಕೇಳಿಲ್ಲ. ಇದೇ ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ತೇಗದ ಮರದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ.

ಯಾರು ಮೊದಲು ಎಂಬ ಪ್ರಶ್ನೆಗೆ ಗೆಲುವು ಸೋಲುಗಳಷ್ಟೇ ಗೊತ್ತು. 1859ರಲ್ಲಿ ಭೂಮಿಯ ಕಾಂತಶಕ್ತಿಯೇ ಅಲ್ಲೋಲಕಲ್ಲೋಲವಾದ ದಿನ ಇದೇ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಉಪಕರಣವನ್ನು ಓದುತ್ತಿದ್ದವರು ಏನು ಮಾಡಿದರು ಎಂದು ಯಾರಾದರೂ ಕೇಳಿದ್ದರೆ ನಾನು ಇಡೀ ಸಂಜೆ ಮಾತನಾಡುತ್ತಿದ್ದೆ.

ಕೊಲಾಬಾದ ವೀಕ್ಷಣಾಲಯ 1826ರಲ್ಲಿ ಆರಂಭವಾಯಿತು. 1840ರ ದಶಕದಿಂದ ಅಲ್ಲಿ ಭೂಮಿಯ ಕಾಂತಶಕ್ತಿಯನ್ನು ಕ್ರಮವಾಗಿ ಅಳೆಯುತ್ತಿದ್ದರು. ಎಳೆಗಳಿಂದ ತೂಗುಬಿಟ್ಟ ಒಂದು ಕಾಂತದ ಸರಳು. ಅದು ಕೂದಲೆಳೆಯಷ್ಟು ತಿರುಗಿದರೂ ಗೊತ್ತಾಗುವಂತೆ ಒಂದು ಅಳತೆಪಟ್ಟಿ. ಉಸಿರಾಟದ ಗಾಳಿಯೂ ತಾಗದಷ್ಟು ದೂರದಲ್ಲಿ ಒಂದು ದೂರದರ್ಶಕ. ವೀಕ್ಷಕ ಗಂಟೆಗಂಟೆಗೂ ಕಣ್ಣಿಟ್ಟು ನೋಡಿ, ಪಟ್ಟಿಯ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಹಗಲು, ರಾತ್ರಿ, ಮಳೆಗಾಲ ಎನ್ನದೆ ನಡೆಯಬೇಕಾದ, ಯಾರೂ ಹೊಗಳದ ಕೆಲಸ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಮೇಲೆ ಕಣ್ಣು ಕೋರೈಸುವ ಬೆಳಕಿನ ಸ್ಫೋಟವನ್ನು ಕಂಡರು. ಹದಿನೇಳೂವರೆ ಗಂಟೆಗಳ ನಂತರ, ಭೂಮಿಯ ಕಾಂತಶಕ್ತಿಯನ್ನೇ ಅಲುಗಾಡಿಸುವ ಕಾಂತೀಯ ಚಂಡಮಾರುತ ಭೂಮಿಗೆ ಬಡಿಯಿತು. ಅಮೆರಿಕದಲ್ಲಿ ಬ್ಯಾಟರಿ ತೆಗೆದರೂ ತಂತಿ ಸಂದೇಶ ಹರಿಯಿತು. ಆಗ ಮುಂಬಯಿಯಲ್ಲಿ ಹಗಲು. ಕೊಲಾಬಾದ ಸರಳು ಹಿಂದೆಂದೂ ಕಾಣದಂತೆ ಅಲುಗಾಡಿದಾಗ ವೀಕ್ಷಕರು ಉಪಕರಣ ಕೆಟ್ಟಿತೆಂದು ಪುಸ್ತಕ ಮುಚ್ಚಲಿಲ್ಲ; ಗಂಟೆಗೊಮ್ಮೆಯ ಬದಲು ನಿಮಿಷಗಳ ಅಂತರದಲ್ಲಿ ಓದಿ ಬರೆಯುತ್ತಾ ಹೋದರು. ಸುಮಾರು 1600 ನ್ಯಾನೊಟೆಸ್ಲಾದಷ್ಟು (ಕಾಂತಶಕ್ತಿಯನ್ನು ಅಳೆಯುವ ಮಾನ) ಕುಸಿತ ಆ ಅಂಕಿಗಳಲ್ಲಿದೆ. ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳೂ ಸೇರಿದ್ದ ತಂಡವೊಂದು 2003ರಲ್ಲಿ ಆ ಚಂಡಮಾರುತದ ತೀವ್ರತೆಯನ್ನು ಅಂದಾಜು ಮಾಡಿದ್ದು ಇದೇ ಕೊಲಾಬಾದ ದಾಖಲೆಯಿಂದ. ಉಪಗ್ರಹಗಳಿಗೂ ವಿದ್ಯುತ್ ಜಾಲಗಳಿಗೂ ಎಂಥ ಅಪಾಯ ಬರಬಹುದೆಂದು ಇಂದು ಜಗತ್ತಿನ ಎಲ್ಲೆಡೆ ಲೆಕ್ಕ ಹಾಕುವವರು ಈ ಅಂಕಿಯನ್ನು ಬಳಸುತ್ತಾರೆ.

ಮುಂದೆ ಮುಂಬಯಿಗೆ ವಿದ್ಯುತ್ ಟ್ರಾಮ್ ಬರುವುದು ಖಚಿತವಾಯಿತು. ಹಳಿಗಳಿಂದ ನೆಲಕ್ಕೆ ಸೋರುವ ವಿದ್ಯುತ್ತು ಕಾಂತದ ಅಳತೆಯನ್ನು ಕೆಡಿಸುತ್ತದೆ. ಕೊಲಾಬಾದ ಮೊದಲ ಭಾರತೀಯ ನಿರ್ದೇಶಕರಾದ ನಾನಾಭಾಯ್ ಮೂಸ್ ಅವರ ನೇತೃತ್ವದಲ್ಲಿ ಸಮುದ್ರದಾಚೆಯ ಅಲಿಬಾಗಿನಲ್ಲಿ, ಕಾಂತಗುಣವಿಲ್ಲದ ಕಲ್ಲನ್ನು ಆರಿಸಿ ತರಿಸಿ, ಹೊಸ ವೀಕ್ಷಣಾಲಯವನ್ನು ಕಟ್ಟಿದರು. 1904ರಲ್ಲಿ ಅಲ್ಲಿ ಕೆಲಸ ಆರಂಭವಾದ ಕೂಡಲೇ ಕೊಲಾಬಾದ ಬಾಗಿಲು ಹಾಕಲಿಲ್ಲ. ಟ್ರಾಮ್ 1907ರಲ್ಲಿ ಓಡುವುದರೊಳಗೆ, ಎರಡು ವರ್ಷಗಳ ಕಾಲ ಎರಡೂ ಕಡೆ ಒಟ್ಟಿಗೆ ಅಳತೆ ನಡೆಸಿ, ಎರಡು ಸ್ಥಳಗಳ ನಡುವಿನ ವ್ಯತ್ಯಾಸ ಎಷ್ಟೆಂದು ಲೆಕ್ಕ ಕಟ್ಟಿಟ್ಟರು. ಆ ಎರಡು ವರ್ಷಗಳ ದುಡಿಮೆಯಿಂದಾಗಿ 1840ರ ದಶಕದ ಕೊಲಾಬಾದ ಅಂಕಿಗಳನ್ನೂ ಇಂದಿನ ಅಲಿಬಾಗಿನ ಅಂಕಿಗಳನ್ನೂ ಒಂದೇ ಸರಣಿಯಾಗಿ ಜೋಡಿಸಿ ಓದಲು ಸಾಧ್ಯವಾಗಿದೆ.