ಹರಿದ್ವಾರ, ಆಗ್ರಾ, ದಿಲ್ಲಿ: ವಯಸ್ಸಾದವ್ರನ್ನ ಕರ್ಕೊಂಡು ಹೋಗೋರಿದ್ರ ಇದನ್ನ ಓದ್ರಿ

ಅವ್ವಗ ಗಂಗಾಸ್ನಾನ ಮಾಡಸಬೇಕು ಅಂತನ ನಾವು ಈ ಟ್ರಿಪ್ ಹಾಕಿದ್ದು. ಹರಿದ್ವಾರದ ಮುಖ್ಯ ಸ್ನಾನಘಟ್ಟ ಹರ್ ಕಿ ಪೌಡಿ, ಅದರ ಮೆಟ್ಟಲಾ ಇಳದು ನೋಡಿದ್ರ ಗಂಗಾದಾಗ ನೀರ ಇಲ್ಲ! ಪೂರ್ತಿ ಇಲ್ಲ ಅಂತಲ್ಲ, ಬ್ರಹ್ಮಕುಂಡದ ಕಡೆ ಪಾದ ಮುಳಗೂವಷ್ಟು ಹರೀತಿತ್ತು, ಉಳದದ್ದೆಲ್ಲಾ ಬರೇ ಕಲ್ಲು, ಕೆಸರು, ಹರಕ ಬಟ್ಟಿ, ಅದರಾಗ ಸಣ್ಣ ಸಣ್ಣ ಹುಡುಗ್ರು ಹೆಣ್ಮಕ್ಕಳು ಜರಡಿ ಹಿಡ್ಕೊಂಡು ಜನ ಎಸದ ಚಿಲ್ಲರ ರೊಕ್ಕ ಹುಡುಕ್ಲಿಕತ್ತಿದ್ರು. ಅವ್ವ ಸ್ನಾನಕ್ಕಂತ ಬ್ಯಾರೆ ಸೀರಿ, ತಾಮ್ರದ ತಂಬಿಗಿ ಎಲ್ಲಾ ಚೀಲದಾಗ ಇಟ್ಕೊಂಡು ಬಂದಿದ್ಳು. ಏನೂ ಮಾತಾಡ್ಲಿಲ್ಲ, ಸುಮ್ನ ಮೆಟ್ಟಲ ಮ್ಯಾಲೆ ಕೂತ್ಬಿಟ್ಳು. ನನಗ ಭಾಳ ಕೆಟ್ಟ ಅನಿಸ್ತು.

ಆಮೇಲೆ ಚಹಾದಂವ ಹೇಳಿದ. ಪ್ರತಿ ವರ್ಷ ದಸರಾದಿಂದ ದೀಪಾವಳಿ ತನಕ ಗಂಗಾ ಕಾಲುವಿ ಬಂದ್ ಇಡ್ತಾರಂತ, ಹೂಳು ತಗದು ರಿಪೇರಿ ಮಾಡ್ಲಿಕ್ಕೆ. ಹರ್ ಕಿ ಪೌಡಿಯೊಳಗ ನಾವು ನೋಡೋದು ಮುಖ್ಯ ಹೊಳಿ ಅಲ್ಲ, ಕಾಲುವಿ ಕಡೆ ತಿರುಗಿಸಿದ ನೀರು. ಮುಖ್ಯ ಹೊಳಿಗೆ ನೀಲಧಾರಾ ಅಂತಾರ, ಅದು ಆಚೆ ಬ್ಯಾರೆ ಹರೀತದ. ಈ ಕಾಲುವಿ 1854ರಾಗ ಬ್ರಿಟಿಷ್ರು ಶುರು ಮಾಡಿದ್ದು, ಈಗೂ ಉತ್ತರ ಪ್ರದೇಶದ ನೀರಾವರಿ ಇಲಾಖೆ ಕೈಯಾಗ ಅದ. ಅಲ್ಲಿಯವ್ರಿಗೆಲ್ಲಾ ಗೊತ್ತಿರೋ ಮಾತು. ಆದ್ರ ರೂಮ್ ಬುಕ್ ಮಾಡೋವಾಗ ಫೋನಿನಾಗ ಮಾತಾಡಿದಂವ "ಗಂಗಾಜಿ ಎರಡ ಮಿನಿಟಿನ ದಾರಿ" ಅಂದ, ಇದೊಂದು ಮಾತು ಮಾತ್ರ ಹೇಳಲಿಲ್ಲ. ದಸರಾಕ್ಕ, ದೀಪಾವಳಿಗೆ ಅಂತ ಮಕ್ಕಳಿಗೆ ಸೂಟಿ ಬೀಳೋದು ಅದ ಹೊತ್ತಿನಾಗ, ನಮ್ಮ ಕಡಿ ಮಂದಿ ಹೊರಡೋದೂ ಅವಾಗ. ಸ್ನಾನ ಮುಖ್ಯ ಅನ್ನೋರು ದಯವಿಟ್ಟು ದೀಪಾವಳಿ ಆದ ಮ್ಯಾಲೆ ಹೋಗ್ರಿ.

ಸಂಜಿ ಆರತಿ ಮಾತ್ರ ಎಂದಿನಂಗ ಆತು, ಅದಕ್ಕ ತ್ರಾಸಿಲ್ಲ. ಒಂದು ತಾಸು ಮೊದಲ ಹೋಗಿ ಮೆಟ್ಟಲ ಹಿಡದು ಕೂಡಬೇಕು. ಕೂತಾಗ ರಸೀದಿ ಪುಸ್ತಕ ಹಿಡ್ಕೊಂಡು ಒಬ್ಬೊಬ್ಬರ ಬಂದು ಆರತಿ ಸೇವಾ ಅಂತ ರೊಕ್ಕ ಕೇಳ್ತಾರ, ಹೆಸರು ಗೋತ್ರ ಕೇಳಿ ಬರಕೊಂಡ ಬಿಡ್ತಾರ. ಅಪ್ಪಾರು ಹೆಸರು ಹೇಳಿಬಿಟ್ರು, 501 ಹೋತು. ಆರತಿ ನೋಡ್ಲಿಕ್ಕೆ ಒಂದು ಪೈಸಾ ಕೊಡಬೇಕಾಗಿಲ್ಲ, ಮನಸ್ಸಿದ್ರ ಕೊಡ್ರಿ.

ಮರುದಿನ ಮುಂಜಾನೆ ಆಟೋ ಮಾಡ್ಕೊಂಡು ಋಷಿಕೇಶಕ್ಕ ಹೋಗಿ ತ್ರಿವೇಣಿ ಘಾಟಿನಾಗ ಅವ್ವನ ಸ್ನಾನ ಮಾಡಿಸಿದ್ವಿ. ಋಷಿಕೇಶ ಮ್ಯಾಲಿನ ಕಡಿ ಇರೋದ್ರಿಂದ ಅಲ್ಲಿ ನೀರು ತುಂಬಿ ಹರೀತಿತ್ತು, ಥಂಡಿ ಅಂದ್ರ ಥಂಡಿ, ಸೆಳವೂ ಜೋರ. ಸರಪಳಿ ಬಿಟ್ಟು ಮುಂದ ಹೋಗಬ್ಯಾಡ್ರಿ. ನಾನೂ ನಮ್ಮನಿಯವ್ರೂ ಎರಡೂ ಕಡಿ ಕೈ ಹಿಡ್ಕೊಂಡಿದ್ವಿ, ಅವ್ವ ಮೂರು ಸಲ ಮುಳುಗಿ ಎದ್ದು ನಮ್ಮ ತೀರಿಹೋದ ಅಜ್ಜಿ ಹೆಸರಿಲೆ ಒಂದು ಮುಳುಗು ಹೆಚ್ಚಿಗಿ ಹಾಕಿದ್ಳು. ಅಲ್ಲಿಗೆ ನಮ್ಮ ಟ್ರಿಪ್ ಸಾರ್ಥಕ ಆತು ಅನ್ರಿ. ಲಕ್ಷ್ಮಣ ಝೂಲಾ ಅನ್ನೋ ತೂಗು ಸೇತುವಿ 2020ರಿಂದ ಬಂದ್ ಅದ, ಆಟೋದವ್ರು ಅದನ್ನ ತೋರಸ್ತೀವಿ ಅಂತ ಹೆಚ್ಚಿಗಿ ಕೇಳಿದ್ರ ಕೊಡಬ್ಯಾಡ್ರಿ. ರಾಮ ಝೂಲಾಕ್ಕ ಹೋದ್ವಿ, ಗದ್ದಲ ಭಾಳ ಇತ್ತು, ಅರ್ಧಕ್ಕ ತಿರುಗಿ ಬಂದ್ವಿ. ನನಗ ಮೊದಲಿಂದ ಗದ್ದಲ ಅಂದ್ರ ಆಗಂಗಿಲ್ಲ. ಅದಕ್ಕ ಹರಿದ್ವಾರದಾಗ ಮನಸಾ ದೇವಿ ಗುಡ್ಡಕ್ಕೂ ಹೋಗಲಿಲ್ಲ, 2025ರ ಜುಲೈದಾಗ ಅಲ್ಲಿ ಮೆಟ್ಟಿಲ ದಾರಿಯೊಳಗ ನೂಕುನುಗ್ಗಲಾಗಿ ಜನ ಸತ್ತಿದ್ದು ತಲಿಯಾಗ ಇತ್ತು. ರೋಪ್‌ವೇ ಅದ, ಹೋಗೋರು ಹೋಗ್ಬಹುದು, ನಾ ಮಾತ್ರ ವಯಸ್ಸಾದವ್ರನ್ನ ಕರ್ಕೊಂಡು ರಜಾ ದಿನ ಹೋಗ್ರಿ ಅಂತ ಹೇಳಂಗಿಲ್ಲ.

ಊಟದ ಮಾತಿಗೆ ಬರ್ತೀನಿ, ನಿಜ ಹೇಳಬೇಕಂದ್ರ ಅದರ ಸಲುವಾಗೇ ಇದನ್ನ ಬರೀಲಿಕ್ಕೆ ಕೂತಿದ್ದು.

ಅಪ್ಪಾರು ಅವ್ವ ಬೆಳಗಾವಿಯೊಳಗ ಗೋವಾ ಎಕ್ಸ್‌ಪ್ರೆಸ್ ಹತ್ತಿದ್ರು, ನಾವು ನಾಲ್ಕು ಮಂದಿ ಬೆಳಗಿನ ಜಾವ ಪುಣೆದಾಗ ಅದ ಗಾಡಿ ಅದ ಬೋಗಿ ಹತ್ತಿದ್ವಿ. ಊರ ಕಡಿಯಿಂದ ತಂದೆ ತಾಯಿ ಬರೋರಿದ್ದು ನೀವು ಪುಣೆದಾಗ ಇದ್ರ ಇದಕ್ಕಿಂತ ಛೊಲೊ ಗಾಡಿ ಇಲ್ಲ, ಬೆಳಗಾವಿ ಮಿರಜ ಪುಣೆ ಮ್ಯಾಲೆ ಹಾಯ್ದು ಸೀದಾ ದಿಲ್ಲಿಯ ನಿಜಾಮುದ್ದೀನ ಸ್ಟೇಷನ್ನಿಗೆ ಹೋಗ್ತದ. ಅವ್ವ ಖಟಕ ರೊಟ್ಟಿ ನಲವತ್ತು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಧಪಾಟಿ, ಕುಂದಾ ಎಲ್ಲಾ ತಂದಿದ್ಳು, ಗಾಡಿಯೊಳಗ ನೀರು ಚಹಾ ಬಿಟ್ಟು ಏನೂ ಕೊಳ್ಳಲಿಲ್ಲ. ದಿಲ್ಲಿ ಮುಟ್ಟಿದ ಮ್ಯಾಲೆ ಶುರು ಆತು ನೋಡ್ರಿ. ಅವ್ವ ಉಳ್ಳಾಗಡ್ಡಿ ಬಳ್ಳೊಳ್ಳಿ ತಿನ್ನಂಗಿಲ್ಲ, ಅಪ್ಪಾರಿಗೆ ಒಂದು ಹೊತ್ತಾದ್ರೂ ಅನ್ನ ಸಾರು ಬೇಕು, ಮಗಾ ಏಳು ವರ್ಷದಂವ, ಖಾರ ಆಗಂಗಿಲ್ಲ. ದಿಲ್ಲಿಯೊಳಗ ಎಲ್ಲಿ ನೋಡಿದ್ರೂ ಪನೀರ್, ಛೋಲೆ, ನಾನ್. ಒಂದು ದಿನ ತಿನ್ಲಿಕ್ಕೆ ಛೊಲೊ, ಮೂರನೇ ದಿನಕ್ಕ ವಯಸ್ಸಾದವ್ರ ಹೊಟ್ಟಿ ಕೆಡ್ತದ. ಹರಿದ್ವಾರದಾಗ ಅಷ್ಟು ತ್ರಾಸ ಆಗಲಿಲ್ಲ, ಊರಾಗ ಮಾಂಸದ ಊಟ ಸಿಗಂಗಿಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ್ದು ಕೇಳಿದ್ರ ಮಾಡಿ ಕೊಡ್ತಾರ. ಹರ್ ಕಿ ಪೌಡಿ ಹಿಂದಿನ ಬಜಾರದಾಗ ಮುಂಜಾನೆ ಪೂರಿ, ಆಲೂ ಪಲ್ಯ, ಕುಂಬಳಕಾಯಿ ಪಲ್ಯ ಎಲಿ ಮ್ಯಾಲೆ ಹಾಕಿ ಕೊಡ್ತಾರ, ಜೋಡಿಗೆ ಬಿಸಿ ಶಿರಾ. ಯಾವ ಅಂಗಡಿ ಮುಂದ ಅಲ್ಲಿಯ ಮಂದಿ ನಿಂತು ತಿಂತಾರ ಅಲ್ಲಿ ತಿನ್ರಿ.

ಆಗ್ರಾ ಒಂದ ದಿನದಾಗ ಮುಗಸಬೇಕು ಅಂತ ದಿಲ್ಲಿಯಿಂದ ಟ್ಯಾಕ್ಸಿ ಮಾಡಿದ್ವಿ, ನಾವು ಇಳಕೊಂಡಿದ್ದ ಹೋಟೆಲ್ಲಿನವ್ರ ಮಾತು ಕೇಳಿ. ಇದು ನಮ್ಮ ದೊಡ್ಡ ತಪ್ಪು. ಆಗ್ರಾ ಮಥುರಾ ವೃಂದಾವನ ಸೇರಿ ಎಲ್ಲಾ ಒಳಗ 6,500 ಅಂದಿದ್ರು. ಹೊರಟ ಮ್ಯಾಲೆ ಯಮುನಾ ಎಕ್ಸ್‌ಪ್ರೆಸ್‌ವೇ ಟೋಲ್ ಬ್ಯಾರೆ, ಪಾರ್ಕಿಂಗ್ ಬ್ಯಾರೆ, ರಾತ್ರಿ ಎಂಟರ ಮ್ಯಾಲೆ ಡ್ರೈವರ್ ಭತ್ಯಾ ಬ್ಯಾರೆ, ಕಡೀಕ 8,300 ಕೊಟ್ವಿ. ತಾಜ್ ಹತ್ರ ಬಂದಾಗ ಡ್ರೈವರ್ ಒಬ್ಬ ಗೈಡ್‌ನ್ನ ಗಾಡಿಯೊಳಗ ಹತ್ತಿಸಿಕೊಂಡ, ಗೈಡ್ ಇಲ್ಲದ ಒಳಗ ಬಿಡಂಗಿಲ್ಲ ಅಂದ. ಇದು ಶುದ್ಧ ಸುಳ್ಳು. ಟಿಕೀಟು ನಮ್ಮವ್ರಿಗೆ 50 ರೂಪಾಯಿ, ಗೋರಿ ಇರೋ ಮುಖ್ಯ ಕಟ್ಟಡದ ಮ್ಯಾಲೆ ಹೋಗ್ಲಿಕ್ಕೆ ಇನ್ನ 200, ಹದಿನೈದು ವರ್ಷದ ಒಳಗಿನ ಮಕ್ಕಳಿಗೆ ಪುಕ್ಕಟ. ಮೊಬೈಲಿನಾಗ ಪುರಾತತ್ವ ಇಲಾಖೆ ಸೈಟಿನಾಗ ಮೊದಲ ತಗದು ಇಟ್ಕೊಂಡ್ರ ಯಾರ ಹಂಗೂ ಬೇಕಾಗಿಲ್ಲ. ಗಾಡಿ ಗೇಟಿನ ತನಕ ಹೋಗಂಗಿಲ್ಲ ಅನ್ನೋದು ಮಾತ್ರ ಖರೇ, ಹೊಗಿ ಬಿಡೋ ಗಾಡಿ ದೂರ ನಿಲ್ಲಿಸಿ ಅಲ್ಲಿಂದ ಬ್ಯಾಟರಿ ಗಾಡಿಯೊಳಗ ಹೋಗಬೇಕು. ಶುಕ್ರವಾರ ತಾಜ್ ಬಂದ್. ತಿನ್ನೋ ಸಾಮಾನು ಒಳಗ ಬಿಡಂಗಿಲ್ಲ, ಅವ್ವನ ಚೀಲದಾಗಿನ ಅವಲಕ್ಕಿ ಚೂಡಾ ಗೇಟಿನಾಗ ತಗಸಿಬಿಟ್ರು, ಮಗಾ ಹಸಿವಿ ಅಂತ ಒಂದು ತಾಸು ಅತ್ತ. ಮಕ್ಕಳಿಗೆ ಹೊಟ್ಟಿ ತುಂಬ ತಿನ್ನಿಸೇ ಒಳಗ ಕರ್ಕೊಂಡು ಹೋಗ್ರಿ.

ಒಳಗ ಹೋದ ಮ್ಯಾಲೆ ತಾಜ್ ಬಗ್ಗೆ ನಾ ಏನ್ ಹೇಳ್ಲಿ, ಎಲ್ಲಾರೂ ಫೋಟೋದಾಗ ನೋಡೀರಿ. ಅಪ್ಪಾರು ನೌಕರಿ ಮಾಡಿದ್ದು ಬಿಜಾಪುರದಾಗ, ಇಪ್ಪತ್ತು ವರ್ಷ ಗೋಲಗುಮ್ಮಟ ನೋಡ್ಕೊಂತ ಆಫೀಸಿಗೆ ಹೋಗಿ ಬಂದವ್ರು. ತಾಜಿನ ಮುಂದ ನಿಂತು "ಎರಡೂ ಒಂದ ಕಾಲದ್ದು, ಶಾಹಜಹಾನ್ ಇಲ್ಲಿ ಕಟ್ಟಸೋವಾಗ ಅಲ್ಲಿ ನಮ್ಮ ಆದಿಲ್‌ಶಾಹಿ ಇತ್ತು, ಗುಮ್ಮಟಾ ನಮ್ಮದ ದೊಡ್ಡದು" ಅಂತ ಮೊಮ್ಮಗಳಿಗೆ ಹೇಳ್ಲಿಕತ್ತಿದ್ರು. ಆ ಗೈಡ್ ಹೇಳಿದ್ದಕ್ಕಿಂತ ಅದು ಎಷ್ಟೋ ಛೊಲೊ ಇತ್ತು.

ಹೊರಗ ಬಂದಾಗ ಹನ್ನೆರಡೂವರಿ. ಹಸಿವಿ ಆಗಿತ್ತು. ಊರೊಳಗ ಎಲ್ಲೆರೆ ಸಾದಾ ಥಾಲಿ ಸಿಗೋ ಕಡಿ ನಿಲ್ಲಿಸ್ರಿ ಅಂದ್ವಿ. ಡ್ರೈವರ್ "ಮಾತಾಜಿಗೆ ಶುದ್ಧ ವೆಜ್ ಬೇಕಲ್ಲಾ, ಇಲ್ಲೆಲ್ಲಾ ಸರಿ ಇಲ್ಲ" ಅಂದು ಊರ ಹೊರಗಿನ ಒಂದು ದೊಡ್ಡ ಹೋಟೆಲಿಗೆ ಒಯ್ದ. ಹೊರಗ ಬರೇ ಟೂರಿಸ್ಟ್ ಬಸ್ಸು, ಒಳಗ ಸ್ಥಳೀಯರು ಒಬ್ರೂ ಇಲ್ಲ. ಅವಾಗ ಎದ್ದು ಬರಬೇಕಿತ್ತು. ನೀರಿನ ಬಾಟ್ಲಿ ಕೇಳದ ಟೇಬಲ್ ಮ್ಯಾಲೆ ಇಟ್ರು, ಹಪ್ಪಳ ಕೇಳದ ಇಟ್ರು. ಒಂದು ಜೀರಾ ರೈಸಿಗೆ 340, ಸಾದಾ ದಾಲಿಗೆ 380. ಉಳ್ಳಾಗಡ್ಡಿ ಇಲ್ಲದ್ದು ಅಂತ ಎರಡು ಸಲ ಹೇಳಿದ್ರೂ ದಾಲಿನಾಗ ಉಳ್ಳಾಗಡ್ಡಿ ಬಂತು, ಅವ್ವ ಮೊಸರು ಅನ್ನ ಉಂಡಳು, ಆ ಮೊಸರಿಗೂ 160. ಆರು ಜನಕ್ಕ 3,140 ಬಿಲ್, ಮ್ಯಾಲೆ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್. ಸರ್ವಿಸ್ ಚಾರ್ಜ್ ಕಡ್ಡಾಯ ಮಾಡೂ ಹಂಗಿಲ್ಲ ಅಂತ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಾಗೇ ಹೇಳೇದ, ನಮ್ಮನಿಯವ್ರು ಅಷ್ಟು ಹೇಳಿದ ಕೂಡ್ಲೆ ಅದನ್ನ ತಗದ್ರು. ಹೊರಗ ಬಂದು ನೋಡಿದ್ರ ನಮ್ಮ ಡ್ರೈವರ್ ಬ್ಯಾರೆ ಖೋಲ್ಯಾಗ ಕೂತು ಪುಕ್ಕಟ ಊಟ ಮಾಡ್ಲಿಕತ್ತಿದ್ದ. ಅಲ್ಲಿಂದ ಮುಂದ ಸಂಗಮರವರಿ ಅಂಗಡಿ, ಬರೇ ಹತ್ತು ಮಿನಿಟು ನೋಡ್ರಿ ಅಂದ, ಮೂರೂವರಿ ಆತು. ಮಥುರಾ ಮುಟ್ಟೋದ್ರಾಗ ಸಂಜಿ, ಕೃಷ್ಣ ಜನ್ಮಸ್ಥಾನದ ಗುಡಿಯಾಗ ಮೊಬೈಲ್ ಚೀಲ ಎಲ್ಲಾ ಹೊರಗ ಇಟ್ಟು ಒಳಗ ಹೋಗಬೇಕು, ಪಾಳಿ ಉದ್ದ ಇತ್ತು. ದರ್ಶನ ಆತು, ಆದ್ರ ವೃಂದಾವನ ಬಿಟ್ಟೇ ಹೋತು. ಅಲ್ಲಿಯ ಬಾಂಕೆ ಬಿಹಾರಿ ಗುಡಿ ನೋಡಬೇಕು ಅಂತ ಅವ್ವಗ ಎಷ್ಟು ಆಸೆ ಇತ್ತು, ಆ ಮೂರು ತಾಸು ಹೋಟೆಲು ಅಂಗಡಿ ನುಂಗಿಬಿಟ್ವು.

ಇನ್ನೊಮ್ಮೆ ಹೋದ್ರ ನಾ ಟ್ಯಾಕ್ಸಿ ಮಾಡಂಗೇ ಇಲ್ಲ. ನಿಜಾಮುದ್ದೀನದಿಂದ ಗತಿಮಾನ್ ಎಕ್ಸ್‌ಪ್ರೆಸ್ ಮುಂಜಾನೆ ಹೋಗ್ತದ, ಎರಡು ತಾಸಿನ ಒಳಗ ಆಗ್ರಾ ಕ್ಯಾಂಟ್, ಸಂಜಿಗೆ ಅದ ಗಾಡಿ ವಾಪಸ್. ಅದೂ ಶುಕ್ರವಾರ ಇಲ್ಲ, ತಾಜ್ ರಜಾ ದಿನಾನ. ಸ್ಟೇಷನ್ನಿಂದ ಆಟೋ ಸಾಕು. ಮಥುರಾ ವೃಂದಾವನಕ್ಕ ಒಂದು ದಿನ ಬ್ಯಾರೆನ ಇಡ್ರಿ, ಗುಡಿ ಮಧ್ಯಾಹ್ನ ಬಂದ್ ಮಾಡ್ತಾರ, ಮುಂಜಾನೆ ಅಲ್ಲಿರಬೇಕು. ಆಗ್ರಾದ ಪೇಠಾ ಮಿಠಾಯಿ ಬೇಕಂದ್ರ ಡ್ರೈವರ್ ತೋರಿಸಿದ ಕಡಿ ತಗೊಳ್ಳಬ್ಯಾಡ್ರಿ, ಒಂದ ಹೆಸರಿನ ಬೋರ್ಡು ಹತ್ತು ಅಂಗಡಿಗೆ ಇರ್ತದ. ಸದರ್ ಬಜಾರದಾಗ ರುಚಿ ನೋಡಿ ತಗೊಳ್ರಿ.

ಆಗ್ರಾದ ಮರುದಿನ ಅಪ್ಪಾರು ಮುಂಜಾನೆ ಏನೂ ಬ್ಯಾಡ ಅಂತ ಮಲಗಿಬಿಟ್ರು. ಮನಸ್ಸಿಗೆ ಕಸಿವಿಸಿ. ನಮ್ಮನಿಯವ್ರ ಆಫೀಸಿನ ತೆಲುಗು ಗೆಳ್ಯಾ ಒಬ್ಬಾಂವ ಹೇಳಿದ್ದ, ಇಂಡಿಯಾ ಗೇಟ್ ಹತ್ರ ಅಶೋಕ ರೋಡಿನಾಗ ಆಂಧ್ರ ಸರಕಾರದ ಅತಿಥಿಗೃಹ ಆಂಧ್ರ ಭವನ ಅದ, ಅದರ ಕ್ಯಾಂಟೀನಿಗೆ ಯಾರ ಬೇಕಾದ್ರೂ ಹೋಗ್ಬಹುದು ಅಂತ. ಹನ್ನೆರಡಕ್ಕ ಮುಟ್ಟಿದ್ವಿ. ಮೊದಲ ಕೌಂಟರಿನಾಗ ರೊಕ್ಕ ಕೊಟ್ಟು ಕೂಪನ್ ತಗೋಬೇಕು, ನಂಬರ್ ಕರದ ಮ್ಯಾಲೆ ಸಿಕ್ಕ ಕಡಿ ಕೂಡಬೇಕು, ಬ್ಯಾರೆ ಮಂದಿ ಜೋಡಿ ಒಂದ ಟೇಬಲ್. ಸ್ಟೀಲ್ ತಟ್ಟಿಯಾಗ ಪೂರಿ, ಪಲ್ಯ, ಪಪ್ಪು, ಸಾಂಬಾರ, ರಸಂ, ಮೊಸರು, ಒಂದು ಸಿಹಿ, ಹಪ್ಪಳ ಎಲ್ಲಾ ಬರ್ತದ, ಆಮೇಲೆ ಬಿಸಿ ಅನ್ನದ ಬಕೀಟು ಹಿಡ್ಕೊಂಡು ಬಂದು ಹಾಕ್ತಾರ, ಹಾಕ್ತಾನೇ ಇರ್ತಾರ. ಟೇಬಲ್ ಮ್ಯಾಲೆ ಚಟ್ನಿಪುಡಿ, ತುಪ್ಪ. ಅಪ್ಪಾರು ಮೂರು ಸಲ ಅನ್ನ ಹಾಕಿಸ್ಕೊಂಡ್ರು, ಕಡೀಕ ರಸಂ ಕುಡದು "ಇವತ್ತ ನೋಡವಾ ಊಟ ಮಾಡಿದಂಗಾತು" ಅಂದ್ರು. ನನ್ನ ಕಣ್ಣಾಗ ನೀರ ಬಂತು ಖರೇನ. ಉಳ್ಳಾಗಡ್ಡಿ ಇದ್ದದ್ದು ಯಾವುದು ಅಂತ ಅವ್ವ ಕೇಳಿದಾಗ ಬಡಿಸೋ ಹುಡುಗ ಒಂದೊಂದ ಬಟ್ಟಲಾ ತೋರಿಸಿ ಹೇಳಿದ, ಮೊಸರು ಇನ್ನೊಂದು ಬಟ್ಟಲ ತಂದು ಕೊಟ್ಟ. ಪುಡಿ ಖಾರ ಅದ, ಮಕ್ಕಳಿಗೆ ಜರಾ ನೋಡಿ ಹಾಕ್ರಿ. ಆರು ಜನಕ್ಕ ಆದ ಬಿಲ್ ಹೈವೇ ಹೋಟೆಲಿನ ಅರ್ಧಕ್ಕಿಂತ ಕಡಿಮಿ. ಎರಡನೇ ದಿನಾನೂ ಅಲ್ಲೇ ಹೋದ್ವಿ. ರವಿವಾರ ಬಿರಿಯಾನಿ ಸಲುವಾಗಿ ಭಾಳ ಗದ್ದಲ ಅಂತ, ಬ್ಯಾರೆ ದಿನ ಒಂದು ಗಂಟೆ ಒಳಗ ಹೋಗ್ರಿ.

ದಿಲ್ಲಿಯೊಳಗ ನೋಡೋದು ಏನು ಅಂತ ಕೇಳಿದ್ರ ನಾ ಹುಮಾಯೂನನ ಗೋರಿ ಅಂತೀನಿ. ತಾಜಿಗಿಂತ ಸುಮಾರು ಎಂಬತ್ತು ವರ್ಷ ಹಳೇದು, ಕೆಂಪು ಕಲ್ಲು, ದೊಡ್ಡ ತೋಟ, ಗಿಡದ ನೆರಳಿನಾಗ ಅಪ್ಪಾರು ಅವ್ವ ಎರಡು ತಾಸು ಆರಾಮ ಕೂತಿದ್ರು, ಮಕ್ಕಳು ಓಡ್ಯಾಡಿದ್ರು, ಯಾರೂ ದಬ್ಬಲಿಲ್ಲ. ಕೆಂಪು ಕೋಟೆಗೆ ಸೋಮವಾರ ಹೋಗಬ್ಯಾಡ್ರಿ, ರಜಾ. ಹುಮಾಯೂನನ ಗೋರಿಯಿಂದ ನಿಜಾಮುದ್ದೀನ ಸ್ಟೇಷನ್ ಹತ್ರನ ಅದ. ವಾಪಸ್ ಗೋವಾ ಎಕ್ಸ್‌ಪ್ರೆಸ್ ಮಧ್ಯಾಹ್ನದ್ದು, ಹಂಗಾಗಿ ಕಡೀ ದಿನ ಮುಂಜಾನೆ ರೂಮ್ ಬಿಟ್ಟು ಲಗೇಜ್ ಸ್ಟೇಷನ್ ಕ್ಲೋಕ್ ರೂಮಿನಾಗ ಇಟ್ಟು ಇದನ್ನ ನೋಡಿ ಗಾಡಿ ಹತ್ತಬಹುದು. ಕೀಲಿ ಹಾಕದ ಬ್ಯಾಗ್ ಅಲ್ಲಿ ತಗೊಳ್ಳಂಗಿಲ್ಲ, ನಾವು ಸ್ಟೇಷನ್ ಹೊರಗ ಓಡಿ ಹೋಗಿ ಕೊಂಡು ತಂದ್ವಿ. ನಾಲ್ಕು ಸಣ್ಣ ಕೀಲಿ ಮನಿಯಿಂದನ ಒಯ್ರಿ.