‘ಡ್ರ್ಯಾಗನ್ ಏಜ್ 2’ ಬಿಟ್ಟು ಮುಂದೆ ಹೋಗಬಹುದೇ?

‘ಟೀಚರ್, ಎರಡನೆಯದನ್ನು ಬಿಟ್ಟು ಸೀದಾ ಮೂರನೆಯದಕ್ಕೆ ಹೋಗಬಹುದಲ್ಲ?’ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನ ಬಳಿ ಕಂಪ್ಯೂಟರ್ ಕಲಿಯಲು ಬರುವ ಮಕ್ಕಳು ಇದನ್ನು ಕೇಳುತ್ತಲೇ ಇರುತ್ತಾರೆ. ಮಂಗಳೂರಿನ ಕಾಲೇಜಿಗೆ ಹೋಗುವ ನನ್ನ ತಮ್ಮನ ಗೆಳೆಯರೂ ಬಿಟ್ಟಿಲ್ಲ. ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಎಂಬ ಕಂಪ್ಯೂಟರ್ ಆಟ ಮುಗಿಸಿ ಅದರ ಗುಂಗಿನಲ್ಲಿರುವ ಇವರೆಲ್ಲ ಅದರ ಮುಂದಿನ ಭಾಗವಾದ ‘ಡ್ರ್ಯಾಗನ್ ಏಜ್ 2’ರ ಬಗ್ಗೆ ಕೆಟ್ಟದ್ದನ್ನೇ ಕೇಳಿರುತ್ತಾರೆ. ಬಿಡಬೇಡಿ ಎಂಬುದು ನನ್ನ ಉತ್ತರ. ಅದರ ದೋಷಗಳು ದೊಡ್ಡವೇ. ಆದರೂ ಒಂದೇ ಊರಿನಲ್ಲಿ, ತಮ್ಮನ್ನು ಒಪ್ಪದವರ ಜೊತೆ, ವರ್ಷಗಟ್ಟಲೆ ಬಾಳುವುದು ಹೇಗೆ ಎಂದು ಇಷ್ಟು ಗಂಭೀರವಾಗಿ ಕೇಳಿದ ಇನ್ನೊಂದು ಆಟವನ್ನು ನಾನು ಆಡಿಲ್ಲ.

ಕೆನಡಾದ ಬಯೋವೇರ್ ಸಂಸ್ಥೆಯ ‘ಒರಿಜಿನ್ಸ್’ ಬಂದದ್ದು 2009ರ ನವೆಂಬರಿನಲ್ಲಿ. ಅಲ್ಲಿ ಆರು ಬಗೆಯ ಆರಂಭಗಳಿದ್ದವು: ಕುಬ್ಜನಾಗಿಯೋ ಚೂಪು ಕಿವಿಯ ಎಲ್ಫ್ ಆಗಿಯೋ ಮಾಂತ್ರಿಕನಾಗಿಯೋ ಹುಟ್ಟಿ, ಕೊನೆಗೆ ದೇಶವನ್ನೇ ಉಳಿಸಬಹುದಿತ್ತು. 2011ರ ಮಾರ್ಚಿನಲ್ಲಿ, ಅಂದರೆ ಕೇವಲ ಹದಿನಾರು ತಿಂಗಳ ಅಂತರದಲ್ಲಿ, ಎರಡನೆಯದು ಬಂತು. ಇದರ ನಾಯಕ ಹಾಕ್. ನಾಯಕಿಯನ್ನಾಗಿಯೂ ಆರಿಸಿಕೊಳ್ಳಬಹುದು, ಆದರೆ ಮನುಷ್ಯಜಾತಿಯೇ ಆಗಬೇಕು. ರಾಕ್ಷಸರ ದಾಳಿಗೆ ಊರು ಕಳೆದುಕೊಂಡ ಹಾಕ್ ತಾಯಿಯ ಜೊತೆ ಕಡಲು ದಾಟಿ ಕರ್ಕ್‌ವಾಲ್ ಎಂಬ ನಗರದ ಬಾಗಿಲಿಗೆ ಬರುತ್ತಾನೆ. ಒಳಗೆ ಬಿಡಿಸಿಕೊಳ್ಳಲು ಲಂಚ ಬೇಕು. ತಾಯಿಯ ತವರುಮನೆಯನ್ನು ಸೋದರಮಾವ ಗ್ಯಾಮ್ಲೆನ್ ಆಗಲೇ ಸಾಲಕ್ಕೆ ಕಳೆದಿದ್ದಾನೆ. ಆ ಲಂಚದ ಋಣ ತೀರಿಸಲು ಕಳ್ಳಸಾಗಣೆಯವರ ಬಳಿಯೋ ಕೂಲಿ ಸೈನಿಕರ ಬಳಿಯೋ ಒಂದು ವರ್ಷ ದುಡಿಯಬೇಕು. ಜಗತ್ತನ್ನು ಕಾಪಾಡುವ ಹೊಣೆ ಯಾರೂ ಹೊರಿಸುವುದಿಲ್ಲ. ತಲೆಯ ಮೇಲೊಂದು ಸೂರು ಹೊಂದಿಸುವುದೇ ಮೊದಲ ಅಂಕದ ಕೆಲಸ.

ಇದನ್ನು ಸಣ್ಣ ಕಥೆ ಎಂದು ಹಲವರು ದೂರಿದರು. ನನಗೆ ಅದೇ ಇದರ ಹಿರಿಮೆ. 1956ರ ನವೆಂಬರ್ 1ರಂದು, ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಮನೆಯಿಂದ ಕದಲದೆಯೇ ರಾಜ್ಯ ಬದಲಾದ ಜನರ ಮೊಮ್ಮಕ್ಕಳು ನಾವು. ‘ನೀವು ಯಾವ ಕಡೆಯವರು?’ ಎಂಬ ಪ್ರಶ್ನೆ ನಮಗೆ ಹೊಸತಲ್ಲ. ಹಾಕ್ ಆ ನಗರದಲ್ಲಿ ಹಣ ಗಳಿಸುತ್ತಾನೆ, ತಾಯಿಯ ಮನೆಯನ್ನು ಬಿಡಿಸಿಕೊಳ್ಳುತ್ತಾನೆ, ಎಲ್ಲರ ಬಾಯಲ್ಲೂ ಹೆಸರಾಗುತ್ತಾನೆ. ಹಾಗಿದ್ದರೂ ಅವನು ಹೊರಗಿನಿಂದ ಬಂದವನೆಂಬುದನ್ನು ಊರು ಪೂರ್ತಿ ಮರೆಯುವುದಿಲ್ಲ. ಬಂದರಿನ ಬಳಿ ಕುನಾರಿಗಳೆಂಬ ಬೇರೆ ಜನಾಂಗದವರ ಬಿಡಾರವೂ ಇದೆ. ಹಡಗು ಒಡೆದು ಬಂದಿಳಿದ ಅವರ ದಳಪತಿ ಅರಿಶಾಕ್‌ಗೆ ಅಲ್ಲಿರುವ ಮನಸ್ಸಿಲ್ಲ, ಆದರೆ ಕರ್ತವ್ಯ ಮುಗಿಯದೆ ಹೊರಡುವಂತಿಲ್ಲ. ಅವನ ಸಹನೆ ತೆಳುವಾಗುತ್ತ ಹೋಗುವುದನ್ನು ಎರಡು ಅಂಕಗಳ ಉದ್ದಕ್ಕೂ ತೋರಿಸಿದ ರೀತಿಯಲ್ಲಿ ಬಯೋವೇರ್‌ನ ಬರಹಗಾರರ ಕೈ ಪಳಗಿದ್ದು ಕಾಣುತ್ತದೆ.

ಇನ್ನು ಗೆಳೆಯರ ವಿಷಯ. ‘ಒರಿಜಿನ್ಸ್’ನಲ್ಲಿ ಜೊತೆಗಾರರು ಮುನಿಸಿಕೊಂಡರೆ ಉಡುಗೊರೆ ಕೊಟ್ಟು ಒಲಿಸಿಕೊಳ್ಳಬಹುದಿತ್ತು, ಮುನಿಸು ಮಿತಿಮೀರಿದರೆ ಬಿಟ್ಟೇ ಹೋಗುತ್ತಿದ್ದರು. ಹೀಗಾಗಿ ಆಡುವವರು ಒಬ್ಬೊಬ್ಬರಿಗೂ ಹಿತವಾದದ್ದನ್ನೇ ಹೇಳುತ್ತ ಸಾಗುತ್ತಿದ್ದರು. ಎರಡನೆಯದರಲ್ಲಿ ಸಂಬಂಧದ ಅಳತೆಪಟ್ಟಿಗೆ ಎರಡು ತುದಿಗಳಿವೆ: ಒಂದು ಸ್ನೇಹ, ಇನ್ನೊಂದು ಪೈಪೋಟಿ. ಯಾವ ತುದಿ ಮುಟ್ಟಿದರೂ ಸಂಬಂಧ ಗಟ್ಟಿಯಾಗುತ್ತದೆ. ಫೆನ್ರಿಸ್ ಮಾಂತ್ರಿಕರ ದಾಸ್ಯದಿಂದ ತಪ್ಪಿಸಿಕೊಂಡು ಬಂದವನು. ಮಾಂತ್ರಿಕರಿಗೆ ಸ್ವಾತಂತ್ರ್ಯ ಎಂದರೆ ಸಿಡಿಯುತ್ತಾನೆ. ಬಡವರ ಕೇರಿಯಲ್ಲಿ ಪುಕ್ಕಟೆ ಚಿಕಿತ್ಸೆ ನೀಡುವ ಆಂಡರ್ಸ್ ಸ್ವತಃ ತಲೆಮರೆಸಿಕೊಂಡ ಮಾಂತ್ರಿಕ. ಇಬ್ಬರೂ ನಿಮ್ಮ ಬೆನ್ನಿಗೇ ನಡೆಯುತ್ತಾರೆ, ದಾರಿಯುದ್ದಕ್ಕೂ ಕಚ್ಚಾಡುತ್ತಾರೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ, ಸೋಲುವವನ ಮಾತೆಂದು ಕುಂಬಳೆಯ ಸೀಮೆಯಲ್ಲಿ ಯಾರೂ ಅದನ್ನು ಕಡೆಗಣಿಸುವುದಿಲ್ಲ. ವಾಲಿಯ ಅರ್ಥಧಾರಿ ಪಟ್ಟು ಬಿಗಿಯಾಗಿ ಹಿಡಿದಷ್ಟೂ ರಾಮನ ಅರ್ಥಧಾರಿ ಆಳಕ್ಕೆ ಇಳಿಯಬೇಕಾಗುತ್ತದೆ. ಎದುರು ಮಾತನಾಡುವವನು ಶತ್ರುವಾಗಬೇಕಿಲ್ಲ ಎಂಬ ಈ ತಿಳಿವನ್ನು ಅಂಕಿಸಂಖ್ಯೆಗಳ ಆಟದೊಳಕ್ಕೆ ತಂದದ್ದು ಸಾಮಾನ್ಯ ಸಾಧನೆಯಲ್ಲ. ಎರಡನೆಯ ಅಂಕದ ಕೊನೆಯಲ್ಲಿ ಐಸಬೆಲಾ ಎಂಬ ಹಡಗಿನ ಒಡತಿ ಕೈಕೊಟ್ಟು ಓಡುತ್ತಾಳೆ. ನೀವು ಅವಳ ಕೆಲಸಕ್ಕೆ ಒದಗಿದ್ದು, ಸ್ನೇಹವಾಗಲಿ ಪೈಪೋಟಿಯಾಗಲಿ ಒಂದು ಮಟ್ಟ ದಾಟಿದ್ದರೆ ಮರಳಿ ಬರುತ್ತಾಳೆ. ಒಮ್ಮೆ ಹೊಗಳಿ ಒಮ್ಮೆ ತೆಗಳಿ ನಡುವೆ ನಿಂತವರಿಗೆ ಅವಳು ಸಿಗುವುದೇ ಇಲ್ಲ.

ಕಥೆ ಹೇಳುವವನು ಹಾಕ್‌ನ ಜೊತೆಗಾರ ವ್ಯಾರಿಕ್. ಕಸಾಂಡ್ರಾ ಎಂಬ ಅಧಿಕಾರಿಣಿ ಅವನನ್ನು ಕೂರಿಸಿ ವಿಚಾರಿಸುತ್ತಾಳೆ. ಅವನು ಹಾಕ್‌ನನ್ನು ದೇವಮಾನವನಂತೆ ಬಣ್ಣಿಸಿ, ಅವಳು ಗದರಿದ ಮೇಲೆ ನಿಜ ಹೇಳತೊಡಗುತ್ತಾನೆ. ಚಂದದ ಉಪಾಯ. ಇನ್ನಷ್ಟು ಕಡೆ ಬಳಸಬೇಕಿತ್ತು.

ಈಗ ದೋಷಗಳು. ಗುಹೆಗಳು ಒಂದೇ. ನಗರದ ಹೊರಗೆ ಎಲ್ಲಿ ಹೋದರೂ ಅದೇ ಗುಹೆ, ಅದೇ ತಿರುವು. ಈ ಸಲ ಎಡದ ಬಾಗಿಲಿಗೆ ಕಲ್ಲು, ಮುಂದಿನ ಸಲ ಬಲದ್ದಕ್ಕೆ. ಮುಚ್ಚಿದ ದಾರಿಯನ್ನೂ ಮೂಲೆಯ ನಕ್ಷೆ ತೋರಿಸಿಬಿಡುತ್ತದೆ. ಕಡಿಮೆ ಸಮಯದಲ್ಲಿ ಮಾಡಿದ ಕೆಲಸ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಾಳಗಗಳೂ ಹಾಗೆಯೇ: ಬಿಲ್ಲಾಳು ಹಿಂದೆ, ಗುರಾಣಿಯವನು ಮುಂದೆ ಎಂದು ನೀವು ಸಾಲು ಕಟ್ಟಿ ಗೆದ್ದ ಕ್ಷಣದಲ್ಲಿ ಎರಡನೆಯ ತಂಡ ಮಾಡಿನ ಮೇಲಿನಿಂದ ನಿಮ್ಮ ಬೆನ್ನ ಹಿಂದೆ ಧುಮುಕುತ್ತದೆ. ಯೋಚಿಸಿ ಆಡುವವರಿಗೆ ಇದು ಅನ್ಯಾಯ. ‘ಒರಿಜಿನ್ಸ್’ನಲ್ಲಿ ಮೇಲಿನಿಂದ ರಣರಂಗವನ್ನು ಪೂರ್ತಿ ನೋಡುವ ಅನುಕೂಲವಿತ್ತು, ಅದನ್ನೂ ತೆಗೆದರು.

ಇವೆಲ್ಲಕ್ಕಿಂತ ನನ್ನನ್ನು ನೋಯಿಸುವುದು ಬೇರೆ. ಅಂಕದಿಂದ ಅಂಕಕ್ಕೆ ಮೂರು ವರ್ಷ ಕಳೆಯುತ್ತದೆ, ಕರ್ಕ್‌ವಾಲ್ ಮಾತ್ರ ಇದ್ದ ಹಾಗೆಯೇ ಇರುತ್ತದೆ. ಅದೇ ಅಂಗಡಿ, ಅದೇ ಮೆಟ್ಟಿಲು. ತಲಪಾಡಿಯಿಂದ ಈಚೆ ಹೆದ್ದಾರಿ 66 ಅಗಲವಾಗುವಾಗ ನಮ್ಮ ಪೇಟೆಗಳ ಮುಖ ಎಷ್ಟು ಬೇಗ ಬದಲಾಯಿತೆಂದು ಕಂಡವಳು ನಾನು. ಕಾಲವನ್ನೇ ಕಥಾವಸ್ತು ಮಾಡಿಕೊಂಡ ಆಟ ಆ ಕಾಲವನ್ನು ಜನರ ಮಾತಿನಲ್ಲಷ್ಟೇ ತೋರಿಸಿ, ಬೀದಿಯಲ್ಲಿ ತೋರಿಸಲಿಲ್ಲ. ಮುಕ್ತಾಯವೂ ಎಡವಿದೆ. ಇನ್ನೂ ಆಡದವರು ಈ ನಾಲ್ಕು ಸಾಲು ಬಿಟ್ಟು ಓದಿ. ಮಾಂತ್ರಿಕರ ಪರ ನಿಂತರೂ ಅವರ ಮುಖ್ಯಸ್ಥ ಒರ್ಸಿನೊ ರಾಕ್ಷಸನಾಗಿ ನಿಮ್ಮ ಮೇಲೆಯೇ ಬೀಳುತ್ತಾನೆ. ಮಾಂತ್ರಿಕರನ್ನು ಕಾವಲು ಕಾಯುವ ಟೆಂಪ್ಲರ್‌ ಯೋಧರ ಪರ ನಿಂತರೂ ಅವರ ಮುಖ್ಯಸ್ಥೆ ಮೆರೆಡಿತ್ ಬಿಡುವುದಿಲ್ಲ. ಅಷ್ಟು ವರ್ಷ ವಾದಿಸಿ ಆರಿಸಿದ ಪಕ್ಷ ಕೊನೆಯ ಗಂಟೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಆಡುವವರಿಗೆ ಒಂದಿಷ್ಟು ಸಲಹೆ. ‘ಒರಿಜಿನ್ಸ್’ನ ನಿಮ್ಮ ಉಳಿಕೆ ಕಡತವನ್ನು (ಸೇವ್ ಫೈಲ್) ಆರಂಭದಲ್ಲೇ ಸೇರಿಸಿ, ಅಲ್ಲಿನ ನಿರ್ಧಾರಗಳ ಸುಳಿವು ಇಲ್ಲಿ ಸಿಗುತ್ತದೆ. ಕಾಳಗ ಬೇಸರ ತಂದರೆ ಸಂಕೋಚವಿಲ್ಲದೆ ಸುಲಭ ಮಟ್ಟಕ್ಕೆ ಇಳಿಸಿ. ಬೀದಿಬದಿಯ ಚಿಲ್ಲರೆ ಕೆಲಸಗಳನ್ನು ಬಿಟ್ಟರೆ ನಷ್ಟವಿಲ್ಲ, ಆದರೆ ಜೊತೆಗಾರರ ಮನೆಗೆ ಹೋಗುವ ಒಂದು ಸಂದರ್ಭವನ್ನೂ ತಪ್ಪಿಸಬೇಡಿ. ‘ಲೆಗಸಿ’ ಎಂಬ ಹೆಚ್ಚುವರಿ ಭಾಗ ಸಿಕ್ಕರೆ ಅಗತ್ಯ ಆಡಿ. ಹಾಕ್‌ನ ತಂದೆಯ ಕಥೆ ಅಲ್ಲಿದೆ, ಹೊಸ ಜಾಗಗಳೂ ಇವೆ. ಆಮೇಲೆ ಮೂರನೆಯದಾದ 2014ರ ‘ಇನ್‌ಕ್ವಿಸಿಷನ್’ಗೆ ಹೋಗಿ. ಅಲ್ಲಿ ವ್ಯಾರಿಕ್, ಕಸಾಂಡ್ರಾ ಇಬ್ಬರೂ ನಿಮ್ಮ ಜೊತೆಗಿರುತ್ತಾರೆ, ಹಾಕ್ ಕೂಡ ಬರುತ್ತಾನೆ. ಅವನ ವಿಷಯದಲ್ಲಿ ನೀವೊಂದು ಕಠಿಣ ತೀರ್ಮಾನ ಮಾಡಬೇಕಾಗುತ್ತದೆ. ಎರಡನೆಯದನ್ನು ಬಿಟ್ಟು ಹೋದವರಿಗೆ ಆ ತೀರ್ಮಾನದಲ್ಲಿ ಏನೂ ಕಷ್ಟವಾಗುವುದಿಲ್ಲ.